ಹಳೇ ಡಿಸ್ಕ್ ಮೇಲೆ ತಪ್ಪಿ ಹೊಸ ಪೂಲ್ ಮಾಡಿಬಿಟ್ಟೆವು, ಫೈಲುಗಳು ವಾಪಸ್ ಸಿಗುತ್ತವಾ?

ಪ್ರಶ್ನೆ: ಸರ್, ಮೈಸೂರಿನ ಶಿವರಾಂಪೇಟೆ ಹತ್ತಿರ ನಮ್ಮದೊಂದು ಸಣ್ಣ ಪ್ರಿಂಟಿಂಗ್ ಪ್ರೆಸ್ ಇದೆ. ಲಗ್ನಪತ್ರಿಕೆ, ಬಿಲ್ ಬುಕ್, ಕರಪತ್ರ, ಸಂಘಗಳ ಸ್ಮರಣ ಸಂಚಿಕೆ, ಎಲ್ಲ ಕೆಲಸದ ಫೈಲುಗಳನ್ನೂ ಒಂದು ಹಳೇ ಕಂಪ್ಯೂಟರಿಗೆ ಫ್ರೀನ್ಯಾಸ್ ಎಂಬ ಫೈಲ್ ಸರ್ವರ್ ಸಾಫ್ಟ್‌ವೇರ್ ಹಾಕಿ ಅದರಲ್ಲಿ ಇಟ್ಟಿದ್ದೆವು. 4 ಟಿಬಿಯ ಎರಡು ಡಿಸ್ಕ್, ಝಡ್‌ಎಫ್‌ಎಸ್ ಎಂಬ ಫೈಲ್ ಸಿಸ್ಟಮ್ಮಿನ ಮಿರರ್, ಎರಡೂ ಡಿಸ್ಕ್ ಸೇರಿದ ಪೂಲಿನ ಹೆಸರು ‘ಪ್ರೆಸ್’. ಸುಮಾರು 1.4 ಟಿಬಿ ತುಂಬಿತ್ತು. ಬ್ಯಾಕಪ್ ಇರಲಿ ಅಂತ 6 ಟಿಬಿಯ ಎರಡು ಹೊಸ ಡಿಸ್ಕ್ ತಂದೆವು. ಅಣ್ಣನ ಮಗ ಫ್ರೀನ್ಯಾಸ್ ತೆಗೆದು ಉಬುಂಟು ಲಿನಕ್ಸ್ ಹಾಕಿ ‘ಬ್ಯಾಕಪ್’ ಅಂತ ಹೊಸ ಪೂಲ್ ಮಾಡಿದ. ಅದು ಹೊಸ ಡಿಸ್ಕ್ ಬದಲು ಹಳೇದರ ಮೇಲೆ ಆಗಿಬಿಟ್ಟಿದೆ. ಗೊತ್ತಾಗದೆ ಹೊರಗಿನ ಡ್ರೈವಿನಿಂದ 60 ಜಿಬಿ ಕಾಪಿಯನ್ನೂ ಮಾಡಿದ. ಆಮೇಲೆ ಹೊಸ ಪೂಲನ್ನು ಡೆಸ್ಟ್ರಾಯ್ ಮಾಡಿ, ಆ ಪೂಲಿನಲ್ಲಿದ್ದ ಎರಡು ಡಿಸ್ಕ್ ಮಾತ್ರ ಸಿಕ್ಕಿಸಿ, ಪೂಲ್ ತೆರೆಯುವ ಇಂಪೋರ್ಟ್ ಕಮಾಂಡನ್ನು ಮೈನಸ್ ದೊಡ್ಡ ಡಿ ಜೊತೆ ಕೊಟ್ಟು ನೋಡಿದೆವು. ‘ಬ್ಯಾಕಪ್’ ಒಂದೇ ಕಾಣುತ್ತದೆ, ‘ಪ್ರೆಸ್’ ಇಲ್ಲ. ಒಬ್ಬರು ಎಫ್ ಎಕ್ಸ್ ಹಾಕಿ ಇಂಪೋರ್ಟ್ ಮಾಡಿ ಅಂತಾರೆ. ಅಂಗಡಿಯವರು ಫಾರ್ಮ್ಯಾಟ್ ಮಾಡಿ ರಿಕವರಿ ಸಾಫ್ಟ್‌ವೇರ್ ಓಡಿಸೋಣ ಅಂತಾರೆ. ಶ್ರಾವಣದ ಮದುವೆ ಕೆಲಸ ಬೇರೆ ಶುರುವಾಗುತ್ತಿದೆ. ಏನಾದರೂ ಸಿಗುತ್ತದಾ?

ಉತ್ತರ: ಸಿಗುವ ಸಾಧ್ಯತೆ ಚೆನ್ನಾಗಿಯೇ ಇದೆ. ಬಹುಪಾಲು ಫೈಲುಗಳು ಹೆಸರು, ಫೋಲ್ಡರ್ ಸಮೇತ ವಾಪಸ್ ಬರಬಹುದು. ಹೀಗೆ ಹೇಳಲು ಕಾರಣ ನಿಮ್ಮ ಪತ್ರದ ಒಂದು ಸಣ್ಣ ವಿವರ: ಹಳೇ ಪೂಲ್ ಮಾಡಿದ್ದು ಫ್ರೀನ್ಯಾಸ್, ಹೊಸ ಪೂಲ್ ಮಾಡಿದ್ದು ಉಬುಂಟು. ಎರಡೂ ಉಬುಂಟುವಿನಲ್ಲೇ ಆಗಿದ್ದರೆ ನಾನು ಇಷ್ಟು ಧೈರ್ಯವಾಗಿ ಬರೆಯುತ್ತಿರಲಿಲ್ಲ. ಅದು ಯಾಕೆ ಅಂತ ಮುಂದೆ ವಿವರವಾಗಿ ಹೇಳುತ್ತೇನೆ.

ಅದಕ್ಕೂ ಮೊದಲು ಆ ಕಂಪ್ಯೂಟರ್ ಆಫ್ ಮಾಡಿ. ಡಿಸ್ಕುಗಳನ್ನು ಬಿಚ್ಚಿ ಪಕ್ಕಕ್ಕಿಡಿ. ಫಾರ್ಮ್ಯಾಟ್ ಬೇಡವೇ ಬೇಡ. ಫಾರ್ಮ್ಯಾಟ್ ಅಂದರೆ ಇನ್ನೊಂದು ಸಲ ಮೇಲೆ ಬರೆಯುವುದು ಅಂತಲೇ ಅರ್ಥ, ಅದರಿಂದ ಒಂದು ಫೈಲೂ ಹತ್ತಿರವಾಗುವುದಿಲ್ಲ. ಎಫ್ ಎಕ್ಸ್ ಕೂಡ ಬೇಡ. ಅದು ಪೂಲನ್ನು ಹಿಂದಿನ ಸ್ಥಿತಿಗೆ ಒಯ್ಯಲು ನೋಡುವ ಕೊನೆಯ ಅಸ್ತ್ರ, ಒಯ್ಯುವಾಗ ಡಿಸ್ಕ್ ಮೇಲೆ ಬರೆಯುತ್ತದೆ. ನಿಮ್ಮ ಹಳೇ ಪೂಲ್ ಕೆಟ್ಟು ನಿಂತಿದ್ದಲ್ಲ, ಫ್ರೀನ್ಯಾಸ್ ಆಫ್ ಮಾಡಿದಾಗ ಅದು ಸರಿಯಾಗಿಯೇ ಇತ್ತು. ಹಿಂದಕ್ಕೆ ಒಯ್ಯುವಂಥದ್ದು ಅಲ್ಲಿ ಏನೂ ಇಲ್ಲ. ಅದನ್ನು ಹುಡುಕಿ ತೆರೆಯಬೇಕು, ಅಷ್ಟೇ.

ಈಗ ನಾಲ್ಕೂ ಡಿಸ್ಕುಗಳನ್ನು ಟೇಬಲ್ ಮೇಲಿಟ್ಟು ಸ್ಟಿಕ್ಕರ್ ಮೇಲಿನ ಸೀರಿಯಲ್ ನಂಬರ್ ಬರೆದುಕೊಳ್ಳಿ. ‘ಬ್ಯಾಕಪ್’ ಪೂಲಿಗೆ ಹೋದದ್ದು ಹಳೇ ಡಿಸ್ಕ್ ಎರಡೂನಾ, ಅಥವಾ ಒಂದು ಹಳೇದು ಒಂದು ಹೊಸದಾ? ನಿಮ್ಮ ಪತ್ರದಿಂದ ಇದು ನನಗೆ ಖಚಿತವಾಗಲಿಲ್ಲ. ಆ ಪೂಲಿನಲ್ಲಿದ್ದ ಎರಡು ಡಿಸ್ಕ್ ಮಾತ್ರ ಸಿಕ್ಕಿಸಿ ನೋಡಿದ್ದೀರಿ, ಉಳಿದೆರಡನ್ನು ತೆಗೆದಿಟ್ಟಿದ್ದೀರಿ. ತೆಗೆದಿಟ್ಟದ್ದರಲ್ಲಿ ಒಂದು ಹಳೇ ಡಿಸ್ಕ್ ಇದ್ದರೆ ನಿಮ್ಮ ಪ್ರೆಸ್ಸಿನ ಫೈಲುಗಳು ಪೂರ್ತಿ ಅದರಲ್ಲೇ ಇವೆ! ಮಿರರ್ ಅಂದರೆ ಎರಡರಲ್ಲೂ ಒಂದೇ ಡೇಟಾ ಅಲ್ವಾ? ಅದೊಂದನ್ನೇ ಸಿಕ್ಕಿಸಿ, ಓದಲು ಮಾತ್ರ ಎಂಬ ಷರತ್ತಿನಲ್ಲಿ ಇಂಪೋರ್ಟ್ ಮಾಡಿದರೆ ‘ಡಿಗ್ರೇಡೆಡ್’ ಅಂತ ತೋರಿಸಿ ಪೂಲ್ ತೆರೆದುಕೊಳ್ಳುತ್ತದೆ. ಕೆಲಸ ಅಲ್ಲಿಗೇ ಮುಗಿಯಿತು.

ಹೊಸ ಪೂಲ್ 3.6 ಟಿಬಿ ಅಂತ ತೋರಿಸಿದ್ದರೂ, ಅದರಿಂದ ಎರಡೂ 4 ಟಿಬಿಯವೇ ಅಂತ ತೀರ್ಮಾನ ಮಾಡಬೇಡಿ. 4 ಮತ್ತು 6 ಟಿಬಿ ಸೇರಿಸಿ ಮಿರರ್ ಮಾಡಿದರೂ ಚಿಕ್ಕ ಡಿಸ್ಕಿನ ಅಳತೆಯೇ ಬರುತ್ತದೆ. ಅಳತೆ ಬೇರೆ ಬೇರೆ ಇದ್ದರೆ ಪೂಲ್ ಮಾಡುವ ಝಡ್‌ಪೂಲ್ ಕಮಾಂಡ್ ಎಚ್ಚರಿಸುತ್ತದೆ ನಿಜ. ಆದರೆ ಕ್ರಿಯೇಟ್ ಜೊತೆ ಮೈನಸ್ ಸಣ್ಣ ಎಫ್ (ಬಲವಂತವಾಗಿ ಮಾಡು) ಹಾಕಿದರೆ ಎಲ್ಲ ಎಚ್ಚರಿಕೆಗಳೂ ಒಟ್ಟಿಗೇ ಬಾಯಿ ಮುಚ್ಚುತ್ತವೆ. ‘ಈ ಡಿಸ್ಕ್ ಪ್ರೆಸ್ ಎಂಬ ಪೂಲಿಗೆ ಸೇರಿದ್ದು’ ಎಂಬುದೂ ಹೋಗುತ್ತದೆ, ‘ಡಿಸ್ಕುಗಳ ಅಳತೆ ಬೇರೆ’ ಎಂಬುದೂ ಹೋಗುತ್ತದೆ. ನಿಮ್ಮ ಹುಡುಗ ಮೈನಸ್ ಎಫ್ ಹಾಕಿರಲೇಬೇಕು, ಇಲ್ಲದಿದ್ದರೆ ಹಳೇ ಪೂಲಿದ್ದ ಡಿಸ್ಕ್ ಮೇಲೆ ಕ್ರಿಯೇಟ್ ಮುಂದೆ ಹೋಗುತ್ತಿರಲಿಲ್ಲ.

ಅವನನ್ನು ದಯವಿಟ್ಟು ಬೈಯಬೇಡಿ. ಈಗ ಅವನ ನೆನಪು ನಿಮಗೆ ಬೇಕು. ಹೆದರಿದ ಹುಡುಗ ‘ಏನೂ ಮಾಡಿಲ್ಲ ಚಿಕ್ಕಪ್ಪ’ ಅಂದುಬಿಟ್ಟರೆ ಎಲ್ಲರಿಗೂ ಕಷ್ಟ. ಪಕ್ಕದಲ್ಲಿ ಕೂರಿಸಿಕೊಂಡು ಉಬುಂಟುವಿನ ಕಮಾಂಡ್ ಹಿಸ್ಟರಿ ತೆಗೆಸಿ. ಕೊಟ್ಟ ಕಮಾಂಡುಗಳು ಅಕ್ಷರ ಬಿಡದೆ ಅಲ್ಲಿರುತ್ತವೆ, ರೂಟ್ ಆಗಿ ಕೊಟ್ಟಿದ್ದರೆ ರೂಟಿನ ಹಿಸ್ಟರಿಯನ್ನೂ ನೋಡಿ. ಉಬುಂಟು ಇರುವ ಡ್ರೈವ್ ಬೇರೆ, ಅದರಿಂದ ಮಷೀನ್ ಆನ್ ಮಾಡಿದರೆ ತೊಂದರೆ ಇಲ್ಲ. ಡೇಟಾ ಡಿಸ್ಕುಗಳು ಮಾತ್ರ ಸಿಕ್ಕಿಸಿರಬಾರದು.

ಸರಿ, ಎರಡೂ ಹಳೇ ಡಿಸ್ಕುಗಳೇ ಹೋಗಿವೆ ಅಂತ ಇಟ್ಟುಕೊಂಡು ಮುಂದೆ ಹೋಗೋಣ.

ಝಡ್‌ಪೂಲ್ ಕ್ರಿಯೇಟ್ ಡಿಸ್ಕನ್ನು ಉಜ್ಜಿ ಖಾಲಿ ಮಾಡುವುದಿಲ್ಲ. ಅದು ಹೊಸ ಪಾರ್ಟಿಷನ್ ಟೇಬಲ್ ಬರೆಯುತ್ತದೆ, ಪಾರ್ಟಿಷನ್ನಿನ ಎರಡು ತುದಿಯಲ್ಲಿ ಪೂಲಿನ ಗುರುತಿನ ಲೇಬಲ್ ಬರೆಯುತ್ತದೆ, ಒಳಗೆ ಒಂದಿಷ್ಟು ಮೆಟಾಡೇಟಾ (ಯಾವುದು ಎಲ್ಲಿದೆ ಎಂಬ ವಿವರ) ಬರೆಯುತ್ತದೆ. ಉಳಿದ ಜಾಗದಲ್ಲಿ ಹಳೇದು ಹಾಗೇ ಇರುತ್ತದೆ. ನಿಮ್ಮದು ಪುಸ್ತಕದ ಕೆಲಸವಾದ್ದರಿಂದ ಹೀಗೆ ಹೇಳಬಹುದು: ಪುಟಗಳು ಇವೆ, ಪರಿವಿಡಿಯ ಹಾಳೆ ಕಿತ್ತುಹೋಗಿದೆ. ಆ ಹಾಳೆಯ ಇನ್ನೊಂದು ಪ್ರತಿ ಎಲ್ಲಾದರೂ ಉಳಿದಿದೆಯಾ ಅನ್ನುವುದೇ ಪ್ರಶ್ನೆ.

ಝಡ್‌ಎಫ್‌ಎಸ್ ಪ್ರತಿ ಡಿಸ್ಕಿನಲ್ಲೂ ಲೇಬಲ್‌ನ ನಾಲ್ಕು ಪ್ರತಿ ಇಡುತ್ತದೆ. ಒಂದೊಂದೂ 256 ಕೆಬಿ. ಎರಡು ಪಾರ್ಟಿಷನ್ನಿನ ಶುರುವಿನಲ್ಲಿ, ಎರಡು ಕೊನೆಯಲ್ಲಿ. ಪ್ರತಿ ಲೇಬಲ್ಲಿನ ಅರ್ಧ ಭಾಗ, ಅಂದರೆ 128 ಕೆಬಿ, ಊಬರ್‌ಬ್ಲಾಕ್ ಎಂಬುದಕ್ಕೆ ಮೀಸಲು. ಪೂಲಿನ ಬೇರು ಎಲ್ಲಿದೆ ಅಂತ ತೋರಿಸುವುದು ಅದೇ. ಅದು ಸಿಕ್ಕರೆ ಪೂಲ್ ಸಿಕ್ಕಿತು. ಹೊಸ ಪೂಲ್ ಮಾಡುವಾಗ ಝಡ್‌ಎಫ್‌ಎಸ್ ಈ ನಾಲ್ಕು ಜಾಗಕ್ಕೂ ಹೊಸ ಲೇಬಲ್ ಬರೆದು ಊಬರ್‌ಬ್ಲಾಕ್‌ಗಳ ಸಾಲನ್ನೂ ಹೊಸದು ಮಾಡುತ್ತದೆ. ಹೊಸ ಪೂಲಿನ ಪಾರ್ಟಿಷನ್ ಹಳೇದರ ಜಾಗದಲ್ಲೇ ಸರಿಯಾಗಿ ಕೂತರೆ ಹಳೇ ನಾಲ್ಕೂ ಪ್ರತಿ ಹೋದ ಹಾಗೆ. ಮಿರರ್ ಇದ್ದದ್ದೂ ಉಪಯೋಗಕ್ಕೆ ಬರುವುದಿಲ್ಲ. ಎರಡು ಡಿಸ್ಕಿನಲ್ಲೂ ಒಂದೇ ಜಾಗಕ್ಕೆ ಒಂದೇ ಪೆಟ್ಟು ಬಿದ್ದಿರುತ್ತದೆ.

ನೀವು ಕೊಟ್ಟ ಮೈನಸ್ ದೊಡ್ಡ ಡಿ ಯಾಕೆ ಹಳೇದನ್ನು ತೋರಿಸಲಿಲ್ಲ ಎಂಬುದಕ್ಕೂ ಇದೇ ಉತ್ತರ. ಅದು ‘ಡೆಸ್ಟ್ರಾಯ್ ಆಗಿದೆ’ ಎಂಬ ಗುರುತಿರುವ ಲೇಬಲ್ಲುಗಳನ್ನು ಹುಡುಕುತ್ತದೆ. ನೀವು ಡೆಸ್ಟ್ರಾಯ್ ಮಾಡಿದ್ದು ಹೊಸ ಪೂಲನ್ನು, ಹಾಗಾಗಿ ಹೊಸದೇ ಕಂಡಿತು.

ಫ್ರೀನ್ಯಾಸ್ ಲೆಕ್ಕಕ್ಕೆ ಬರುವುದು ಇಲ್ಲಿ. ಅದು ಡಿಸ್ಕನ್ನು ಪಾರ್ಟಿಷನ್ ಮಾಡುವಾಗ ಮೊದಲು 2 ಜಿಬಿ ಸ್ವಾಪ್‌ಗೆ (ಮೆಮೊರಿ ಸಾಲದಾಗ ಬಳಸುವ ಜಾಗ) ಬಿಡುತ್ತಿತ್ತು. ಅದಾದ ಮೇಲೆ ಝಡ್‌ಎಫ್‌ಎಸ್ ಪಾರ್ಟಿಷನ್, ಅದು ಡಿಸ್ಕಿನ ಕೊನೆಯವರೆಗೂ ಹೋಗುತ್ತಿತ್ತು. ಲಿನಕ್ಸ್‌ನಲ್ಲಿ ಇಡೀ ಡಿಸ್ಕ್ ಕೊಟ್ಟು ಪೂಲ್ ಮಾಡಿದರೆ ಲೆಕ್ಕವೇ ಬೇರೆ. ಮೊದಲ ಪಾರ್ಟಿಷನ್ 1 ಎಂಬಿಯಿಂದ ಶುರುವಾಗುತ್ತದೆ, ಕೊನೆಯಲ್ಲಿ 8 ಎಂಬಿಯ ಒಂದು ಪುಟ್ಟ ಒಂಬತ್ತನೇ ಪಾರ್ಟಿಷನ್ ಉಳಿಯುತ್ತದೆ. ಹೊಸ ಪೂಲಿನ ಕೊನೆಯ ಎರಡು ಲೇಬಲ್ ಆ ಪುಟ್ಟ ಪಾರ್ಟಿಷನ್ನಿಗಿಂತ ಮುಂಚೆಯೇ ನಿಲ್ಲುತ್ತವೆ. ಹಳೇ ಪೂಲಿನ ಕೊನೆಯ ಎರಡು ಲೇಬಲ್ ಡಿಸ್ಕಿನ ತೀರಾ ತುದಿಯಲ್ಲಿವೆ, ಕೊನೆಯ ಒಂದು ಎಂಬಿಯ ಆಸುಪಾಸಿನಲ್ಲಿ. ಅಲ್ಲಿಗೆ ಹೊಸ ಪೂಲ್ ಕೈ ಹಾಕುವುದಿಲ್ಲ. ಹೊಸ ಪಾರ್ಟಿಷನ್ ಟೇಬಲ್ಲಿನ ಬ್ಯಾಕಪ್ ಪ್ರತಿ ಕೂಡ ಕೊನೇ 17 ಕೆಬಿಯಷ್ಟು ಜಾಗವನ್ನಷ್ಟೇ ತೆಗೆದುಕೊಳ್ಳುತ್ತದೆ, ಹಳೇ ಪಾರ್ಟಿಷನ್ ಅದಕ್ಕೂ ಮುಂಚೆಯೇ ಮುಗಿದಿರುತ್ತದೆ.

ಅಂದರೆ ಶುರುವಿನ ಎರಡು ಲೇಬಲ್ ಹೋಗಿದ್ದರೂ ಕೊನೆಯ ಎರಡು ಬದುಕಿರಬೇಕು. ಮತ್ತೆ ಇಂಪೋರ್ಟ್‌ಗೆ ಯಾಕೆ ಕಾಣಲಿಲ್ಲ? ಯಾಕೆಂದರೆ ಝಡ್‌ಎಫ್‌ಎಸ್ ಈಗಿರುವ ಪಾರ್ಟಿಷನ್ನಿನ ಎರಡು ತುದಿಗಳನ್ನು ಮಾತ್ರ ನೋಡುತ್ತದೆ. ಹಳೇ ಪಾರ್ಟಿಷನ್ನೇ ಟೇಬಲ್ಲಿನಲ್ಲಿ ಇಲ್ಲವಲ್ಲ.

ಇನ್ನು 60 ಜಿಬಿಯ ಪೆಟ್ಟು. ಅದು ಬಿದ್ದ ಜಾಗದಲ್ಲಿದ್ದ ಹಳೇದು ಹೋಯಿತು, ಅದರಲ್ಲಿ ಮುಚ್ಚುಮರೆ ಬೇಡ. ಈಗಿನ ಹಾರ್ಡ್ ಡಿಸ್ಕಿನಲ್ಲಿ ಒಂದು ಸಲ ಮೇಲೆ ಬರೆದದ್ದರ ಅಡಿಯಿಂದ ಹಳೇದನ್ನು ಯಾವ ಲ್ಯಾಬೂ ತೆಗೆಯಲಾರದು. 35 ಸಲ ಅಳಿಸಿದರೇ ಪೂರ್ತಿ ಅಳಿಯುವುದು ಅಂತ ಕೇಳಿರುತ್ತೀರಿ. ಅದು 1996ರ ಒಂದು ಪ್ರಬಂಧದಿಂದ ಬಂದ ಮಾತು, ಆ ಕಾಲದ ಬೇರೆ ಬೇರೆ ಥರದ ಡಿಸ್ಕುಗಳನ್ನು ಒಟ್ಟಿಗೆ ಲೆಕ್ಕ ಹಾಕಿ ಹೇಳಿದ್ದು. ಯಾರಾದರೂ ‘ಓವರ್‌ರೈಟ್ ಆದದ್ದನ್ನೂ ತೆಗೆದುಕೊಡುತ್ತೇವೆ’ ಅಂದರೆ ಅವರಿಗೆ ದುಡ್ಡು ಕೊಡಬೇಡಿ.

ಆದರೆ 1.4 ಟಿಬಿಯಲ್ಲಿ 60 ಜಿಬಿ ಅಂದರೆ, ಅಷ್ಟೂ ತುಂಬಿದ ಜಾಗದ ಮೇಲೇ ಬಿದ್ದಿದ್ದರೂ, ನೂರಕ್ಕೆ ನಾಲ್ಕೈದು ಪಾಲು. ತಿರುಗುವ ಡಿಸ್ಕಿನಲ್ಲಿ ಝಡ್‌ಎಫ್‌ಎಸ್ ಸಾಮಾನ್ಯವಾಗಿ ಮುಂದಿನ ಭಾಗವನ್ನು ಮೊದಲು ತುಂಬಿಸುತ್ತದೆ, ಓದಲು ವೇಗ ಜಾಸ್ತಿ ಅಂತ. ನಿಮ್ಮ ಹಳೇ ಪೂಲೂ ಹಾಗೇ ತುಂಬಿರುತ್ತದೆ. ಹಾಗಾಗಿ ಏಟು ಬಿದ್ದಿರುವುದು ಹೆಚ್ಚಾಗಿ ಮೊದಮೊದಲು ಹಾಕಿದ ಹಳೇ ಕೆಲಸಗಳಿಗೆ ಅಂತ ನನ್ನ ಲೆಕ್ಕ. ಈ ವರ್ಷದ ಲಗ್ನಪತ್ರಿಕೆಗಳು ಉಳಿದಿರುವ ಸಂಭವ ಜಾಸ್ತಿ.

‘ಆ 60 ಜಿಬಿ ಸರಿಯಾಗಿ ಫೋಲ್ಡರುಗಳ ಪಟ್ಟಿಯ ಮೇಲೇ ಬಿದ್ದಿದ್ದರೆ?’ ಅಂತ ನಿಮ್ಮ ಹುಡುಗ ಕೇಳಬಹುದು. ಒಳ್ಳೇ ಪ್ರಶ್ನೆಯೇ. ಝಡ್‌ಎಫ್‌ಎಸ್ ಕಟ್ಟಿದವರು ಇದನ್ನು ಯೋಚಿಸಿದ್ದಾರೆ. ಫೈಲು ಫೋಲ್ಡರುಗಳ ಮೆಟಾಡೇಟಾವನ್ನು ಅದು ಎರಡೆರಡು ಕಡೆ ಬರೆಯುತ್ತದೆ, ಇಡೀ ಪೂಲಿನ ಬೇರಿನ ಮೆಟಾಡೇಟಾವನ್ನು ಮೂರು ಕಡೆ. ಮಿರರ್ ಇದ್ದರೂ ಅದರ ಮೇಲೆ ಇದು ಬೇರೆ. ಆ ಪ್ರತಿಗಳನ್ನು ಅಕ್ಕಪಕ್ಕ ಇಡುವುದಿಲ್ಲ, ಆದಷ್ಟೂ ಡಿಸ್ಕಿನ ಎಂಟನೇ ಒಂದು ಪಾಲು ದೂರ ದೂರ ಇಡುತ್ತದೆ. ನಿಮ್ಮ ಡಿಸ್ಕಿಗೆ ಅದು ಸುಮಾರು 500 ಜಿಬಿ. ಮುಂದಿನ ಭಾಗದಲ್ಲಿ ಬಿದ್ದ 60 ಜಿಬಿ ಒಂದೇ ವಿಷಯದ ಎಲ್ಲ ಪ್ರತಿಗಳನ್ನೂ ಹೊಡೆಯುವುದು ಕಷ್ಟ. ಹೊಸ ಪೂಲಿನ ಮೆಟಾಡೇಟಾವೂ ಇದೇ ಕ್ರಮದಲ್ಲಿ ಅಲ್ಲಲ್ಲಿ ಹರಡಿರುತ್ತದೆ, ಆದರೆ ಅದರ ಗಾತ್ರ ತೀರಾ ಕಡಿಮೆ. ಇದಲ್ಲದೆ ಪ್ರತಿ ಬ್ಲಾಕಿಗೂ ಚೆಕ್‌ಸಮ್ (ತಾಳೆ ನೋಡುವ ಸಂಖ್ಯೆ) ಇರುವುದರಿಂದ, ಒಂದು ಪ್ರತಿಯ ಜಾಗದಲ್ಲಿ ಬೇರೇನೋ ಇದ್ದರೆ ಝಡ್‌ಎಫ್‌ಎಸ್‌ಗೆ ತಕ್ಷಣ ಗೊತ್ತಾಗಿ ಇನ್ನೊಂದನ್ನು ಓದುತ್ತದೆ. ಕೆಟ್ಟದ್ದನ್ನು ಒಳ್ಳೇದು ಅಂತ ಕೊಡುವುದಿಲ್ಲ. ಬೇರೆ ಫೈಲ್ ಸಿಸ್ಟಮ್ಮುಗಳಿಗಿಂತ ಝಡ್‌ಎಫ್‌ಎಸ್ ನನಗೆ ಇಷ್ಟವಾಗುವುದು ಇದೇ ಕಾರಣಕ್ಕೆ.

ಇನ್ನು ಕೆಲಸ. ಮೂಲ ಡಿಸ್ಕ್ ಮೇಲೆ ನೇರವಾಗಿ ಏನೂ ಮಾಡಬಾರದು. ಅದರ ಪೂರ್ತಿ ಪ್ರತಿ, ಅಂದರೆ ಇಮೇಜ್, ತೆಗೆದು ಪ್ರತಿಯ ಮೇಲೆ ಕೆಲಸ ಮಾಡಬೇಕು. ನಿಮಗೆ ಈಗ ಬೇರೆ ಡಿಸ್ಕ್ ಕೊಳ್ಳುವ ಅಗತ್ಯವೂ ಇಲ್ಲ. 6 ಟಿಬಿಯ ಎರಡು ಹೊಸವು ಖಾಲಿ ಇವೆಯಲ್ಲ, ಒಂದರಲ್ಲಿ 4 ಟಿಬಿ ಡಿಸ್ಕಿನ ಇಮೇಜ್, ಇನ್ನೊಂದಕ್ಕೆ ಸಿಕ್ಕಿದ ಫೈಲುಗಳು. ಮಿರರ್ ಆದ್ದರಿಂದ ಎರಡು ಹಳೇ ಡಿಸ್ಕಿನಲ್ಲಿ ಒಂದರ ಇಮೇಜ್ ಸಾಕು. ಎರಡನೆಯದು ಹಾಗೇ ಇರಲಿ, ಮೊದಲನೆಯದರಲ್ಲಿ ಓದಲಾಗದ ಸೆಕ್ಟರ್ ಸಿಕ್ಕರೆ ಆಗ ನೋಡೋಣ.

ಹೊಸ ಡಿಸ್ಕುಗಳನ್ನು ಹಳೇದನ್ನು ಸಿಕ್ಕಿಸುವ ಮೊದಲೇ ಎಕ್ಸ್‌ಟಿ4 (ಲಿನಕ್ಸ್‌ನ ಸಾಮಾನ್ಯ ಫೈಲ್ ಸಿಸ್ಟಮ್) ಆಗಿ ಫಾರ್ಮ್ಯಾಟ್ ಮಾಡಿ ಸಿದ್ಧವಿಟ್ಟುಕೊಳ್ಳಿ. ಹಳೇದು ಮಷೀನಿನಲ್ಲಿ ಇರುವಾಗ ಫಾರ್ಮ್ಯಾಟ್ ಎಂಬ ಕೆಲಸವೇ ನಡೆಯಬಾರದು. ಆಮೇಲೆ ಒಂದು ಹಳೇ ಡಿಸ್ಕ್ ಸಿಕ್ಕಿಸಿ, ‘ಎಲ್‌ಎಸ್‌ಬಿಎಲ್‌ಕೆ’ (lsblk) ಕಮಾಂಡಿನಲ್ಲಿ ಸೀರಿಯಲ್ ನಂಬರ್ ತೋರಿಸುವ ಕಾಲಂ ಹಾಕಿಸಿ, ಸ್ಟಿಕ್ಕರ್ ಜೊತೆ ಹೋಲಿಸಿ. ಒಬ್ಬರು ಓದಬೇಕು, ಇನ್ನೊಬ್ಬರು ಸ್ಟಿಕ್ಕರ್ ನೋಡಬೇಕು. ನೀವು ಪ್ರೂಫ್ ತಿದ್ದುವಾಗ ಇಬ್ಬರು ಕೂರುವ ಕ್ರಮವೇ ಇಲ್ಲೂ ಒಳ್ಳೇದು. ಖಾತ್ರಿಯಾದ ಮೇಲೆ ‘ಬ್ಲಾಕ್‌ಡೆವ್’ ಕಮಾಂಡಿನ ಸೆಟ್ ಆರ್‌ಒ ಆಯ್ಕೆಯಿಂದ ಆ ಡಿಸ್ಕನ್ನು ಓದಲು ಮಾತ್ರ ಅಂತ ಮಾಡಿ.

ಇಮೇಜ್ ತೆಗೆಯಲು ಬರೀ ಡಿಡಿ ಬೇಡ, ಗ್ನೂ ಡಿಡಿರೆಸ್ಕ್ಯೂ ಬಳಸಿ. ಅದು ಎಲ್ಲಿಯವರೆಗೆ ಓದಿದೆ ಅಂತ ಒಂದು ಮ್ಯಾಪ್ ಫೈಲಿನಲ್ಲಿ ಬರೆದಿಡುತ್ತದೆ. ಮಧ್ಯದಲ್ಲಿ ಕರೆಂಟ್ ಹೋದರೂ ಅಲ್ಲಿಂದಲೇ ಮುಂದುವರಿಯಬಹುದು. ಕಮಾಂಡಿನಲ್ಲಿ ಮೊದಲು ಬರುವುದು ಮೂಲ, ಆಮೇಲೆ ಬರುವುದು ಪ್ರತಿ, ಕೊನೆಯದು ಮ್ಯಾಪ್. ಮೂಲ ಮತ್ತು ಪ್ರತಿ ಅದಲುಬದಲಾದರೆ ಉಳಿದದ್ದೂ ಹೋಗುತ್ತದೆ, ಎಂಟರ್ ಒತ್ತುವ ಮೊದಲು ಇನ್ನೊಮ್ಮೆ ಓದಿ. ಡಿಸ್ಕನ್ನು ಒಳಗಿನ ಸಾಟಾ ಕೇಬಲ್ಲಿಗೇ ಹಾಕಿ. ಸೆಕೆಂಡಿಗೆ 150 ಎಂಬಿ ವೇಗ ಸಿಕ್ಕರೆ 4 ಟಿಬಿಗೆ ಏಳೂವರೆ ಗಂಟೆ, ಒಳ ಸುತ್ತಿಗೆ ಬಂದಂತೆ ವೇಗ ಇಳಿಯುವುದರಿಂದ ಎಂಟು ಹತ್ತು ಗಂಟೆ ಅಂತಲೇ ಇಟ್ಟುಕೊಳ್ಳಿ. ಹಳೇ ಯುಎಸ್‌ಬಿ 2 ಪೋರ್ಟಿಗೆ ಹಾಕಿದರೆ ಒಂದು ದಿನ ದಾಟುತ್ತದೆ. ರಾತ್ರಿ ಬಿಟ್ಟು ಹೋಗುವುದಾದರೆ ಯುಪಿಎಸ್ ಬ್ಯಾಟರಿ ಸರಿಯಿದೆಯಾ ನೋಡಿಕೊಳ್ಳಿ.

ಇಮೇಜ್ ಆದ ಮೇಲೆ ಹಳೇ ಡಿಸ್ಕ್ ಬಿಚ್ಚಿ ಬೀರುವಿನಲ್ಲಿಡಿ. ಈಗ ಒಂದು ಸಣ್ಣ ಪರೀಕ್ಷೆ. ಇಮೇಜ್ ಫೈಲಿನ ಕೊನೆಯ 4 ಎಂಬಿಯನ್ನು ‘ಟೇಲ್’ ಕಮಾಂಡಿನಿಂದ ಕತ್ತರಿಸಿ, ಅದನ್ನು ‘ಸ್ಟ್ರಿಂಗ್ಸ್’ಗೆ ಕೊಟ್ಟು, ನಿಮ್ಮ ಪೂಲಿನ ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲಿ ಹುಡುಕಿ. ಲೇಬಲ್ಲಿನಲ್ಲಿ ಪೂಲಿನ ಹೆಸರು ಸಾದಾ ಅಕ್ಷರದಲ್ಲೇ ಇರುತ್ತದೆ. ಹೊಸ ಪೂಲಿನ ಲೇಬಲ್ಲುಗಳು ಈ 4 ಎಂಬಿಯೊಳಗೆ ಬರುವುದಿಲ್ಲ, ಅವು ಅದಕ್ಕೂ ಹಿಂದೆಯೇ ಮುಗಿದಿರುತ್ತವೆ. ಇಲ್ಲಿ ‘ಪ್ರೆಸ್’ ಕಂಡರೆ ಅದು ನಿಮ್ಮ ಹಳೇ ಲೇಬಲ್ಲೇ. ಇದಕ್ಕೆ ಒಂದು ನಿಮಿಷವೂ ಬೇಡ.

ಕಂಡಿತು ಅಂತಿಟ್ಟುಕೊಳ್ಳಿ. ಹಳೇ ಪಾರ್ಟಿಷನ್ ಎಲ್ಲಿಂದ ಶುರುವಾಗಿತ್ತು ಅಂತ ಝಡ್‌ಎಫ್‌ಎಸ್‌ಗೆ ಹೇಳಬೇಕು. ಫ್ರೀನ್ಯಾಸ್ ತಾನಾಗಿ ಮಾಡಿದ ವಿಂಗಡಣೆಯಲ್ಲಿ ಸ್ವಾಪ್ 128ನೇ ಸೆಕ್ಟರಿನಿಂದ ಶುರು, ಝಡ್‌ಎಫ್‌ಎಸ್ 4194432ನೇ ಸೆಕ್ಟರಿನಿಂದ. 512 ಬೈಟಿನ ಸೆಕ್ಟರ್ ಲೆಕ್ಕದಲ್ಲಿ ಅದು 2147549184 ಬೈಟ್. ಇಮೇಜಿನ ಮೇಲೆ ಈ ಆಫ್‌ಸೆಟ್ ಕೊಟ್ಟು, ಪಾರ್ಟಿಷನ್ ಟೇಬಲ್ಲಿನ ಬ್ಯಾಕಪ್ ಶುರುವಾಗುವ ಮುಂಚೆ ಮುಗಿಯುವಂತೆ ಅಳತೆ ಕೊಟ್ಟು, ಓದಲು ಮಾತ್ರ ಎಂಬಂತೆ ಒಂದು ಲೂಪ್ ಡಿವೈಸ್ (ಇಮೇಜ್ ಫೈಲನ್ನೇ ಡಿಸ್ಕಿನಂತೆ ತೋರಿಸುವುದು) ಮಾಡಿ. ಅದರ ಮೇಲೆ ಲೇಬಲ್ ಓದಿ ತೋರಿಸುವ ‘ಝಡ್‌ಡಿಬಿ ಮೈನಸ್ ಎಲ್’ ಕಮಾಂಡ್ ಓಡಿಸಿ. ಎಲ್ಲ ಸರಿಯಿದ್ದರೆ 2 ಮತ್ತು 3ನೇ ಲೇಬಲ್ ಕಾಣುತ್ತವೆ. 0 ಮತ್ತು 1 ಕಾಣದಿದ್ದರೆ ಗಾಬರಿ ಬೇಡ. ಅವು 60 ಜಿಬಿಯ ಅಡಿಗೆ ಹೋಗಿರುತ್ತವೆ, ಒಂದು ಒಳ್ಳೇ ಲೇಬಲ್ ಇದ್ದರೆ ಸಾಕು. ಯಾವುದೂ ಕಾಣದಿದ್ದರೆ ಅಳತೆ ತಪ್ಪಿದೆ ಅಂತ ಅರ್ಥ. ಝಡ್‌ಎಫ್‌ಎಸ್ ಕೊನೆಯ ಲೇಬಲ್ಲುಗಳನ್ನು 256 ಕೆಬಿಯ ಗುಣಕಕ್ಕೆ ಸರಿಹೊಂದಿಸಿ ಇಡುತ್ತದೆ, ಶುರುವಿನ ಆಫ್‌ಸೆಟ್ ಸ್ವಲ್ಪ ಆಚೀಚೆ ಆದರೂ ಅವು ಸಿಗುವುದಿಲ್ಲ. ಹೆಸರು ಕಂಡ ಜಾಗದಿಂದ ಹಿಂದಕ್ಕೆ ಲೆಕ್ಕ ಹಾಕಿದರೆ ಸರಿಯಾದ ಅಂಕಿ ಸಿಗುತ್ತದೆ. ಲೇಬಲ್ಲಿನೊಳಗೆ ‘ಅಸೈಜ್’ ಅಂತ ಪೂಲಿನ ಅಳತೆಯೂ ಬರೆದಿರುತ್ತದೆ, ಅದನ್ನು ತಾಳೆ ನೋಡಿ.

ಆಮೇಲೆ ಇಂಪೋರ್ಟ್. ಓದಲು ಮಾತ್ರ ಎಂಬ ಆಯ್ಕೆ ಖಂಡಿತ ಇರಬೇಕು. ಲೂಪ್ ಡಿವೈಸ್ ಇರುವ ಜಾಗವನ್ನು ಮೈನಸ್ ಸಣ್ಣ ಡಿ ಇಂದ ತೋರಿಸಿ. ಪೂಲನ್ನು ಕೊನೆಯ ಸಲ ಬಳಸಿದ್ದು ಬೇರೆ ಸಿಸ್ಟಮ್ ಆದ್ದರಿಂದ ಸಣ್ಣ ಎಫ್ ಕೇಳುತ್ತದೆ, ಇಲ್ಲಿ ಹಾಕಿದರೆ ತೊಂದರೆ ಇಲ್ಲ. ದೊಡ್ಡ ಎಫ್ ಹಾಕಬೇಡಿ, ಅದು ಬೇರೆಯೇ ಕೆಲಸ. ಪೂಲ್ ತೆರೆದರೆ ‘ಡಿಗ್ರೇಡೆಡ್’ ಅಂತ ಇರುತ್ತದೆ, ಒಂದೇ ಡಿಸ್ಕ್ ಕೊಟ್ಟಿದ್ದೀರಲ್ಲ. ಕಾಪಿ ಮಾಡುವ ಆರ್‌ಸಿಂಕ್ ಕಮಾಂಡ್ ಹಾಕಿ ಎಲ್ಲವನ್ನೂ ಎರಡನೇ ಹೊಸ ಡಿಸ್ಕಿಗೆ ಎಳೆದುಕೊಳ್ಳಿ. ಏಟು ತಿಂದ ಫೈಲುಗಳು ಬಂದಾಗ ಇನ್‌ಪುಟ್ ಔಟ್‌ಪುಟ್ ಎರರ್ ಕೊಟ್ಟು ಆರ್‌ಸಿಂಕ್ ಮುಂದೆ ಹೋಗುತ್ತದೆ. ಆ ಹೆಸರುಗಳನ್ನು ಒಂದು ಲಾಗ್ ಫೈಲಿಗೆ ಹಾಕಿಸಿ, ಕಳೆದದ್ದು ಯಾವ್ಯಾವುದು ಅಂತ ಒಂದು ಖಚಿತ ಪಟ್ಟಿ ಸಿಗುತ್ತದೆ.

ಲೇಬಲ್ ಕಂಡೂ ಇಂಪೋರ್ಟ್ ಆಗದಿದ್ದರೆ, ‘ಝಡ್‌ಡಿಬಿ ಮೈನಸ್ ಎಲ್ ಯು’ ಕೊಟ್ಟು ಊಬರ್‌ಬ್ಲಾಕುಗಳ ಪಟ್ಟಿ ತೆಗೆಯಿರಿ. 4 ಕೆಬಿ ಸೆಕ್ಟರ್ ಲೆಕ್ಕದಲ್ಲಿ ಮಾಡಿದ ಪೂಲಾದರೆ 32 ಇರುತ್ತವೆ. ಒಂದೊಂದಕ್ಕೂ ಟಿಎಕ್ಸ್‌ಜಿ ನಂಬರ್ (ಬರೆದ ಕ್ರಮಸಂಖ್ಯೆ), ದಿನಾಂಕ, ಸಮಯ ಇರುತ್ತದೆ. ಕೊನೆಯದರಿಂದ ಆಗದಿದ್ದರೆ ಅದರ ಹಿಂದಿನದನ್ನು ಮೈನಸ್ ದೊಡ್ಡ ಟಿ ಇಂದ ಕೊಟ್ಟು ನೋಡಬಹುದು. ಇದನ್ನು ಮಾಡುವಾಗ ಇಮೇಜಿನ ಮೇಲೆ ಕ್ಯೂಕೌ2 ಓವರ್‌ಲೇ ಹಾಕಿಕೊಂಡರೆ ಬರೆಯುವುದೆಲ್ಲ ಓವರ್‌ಲೇಗೆ ಹೋಗುತ್ತದೆ, ಇಮೇಜ್ ಕೆಡುವುದಿಲ್ಲ. ಕೆಟ್ಟರೆ ಓವರ್‌ಲೇ ಅಳಿಸಿ ಮತ್ತೆ ಶುರು.

ಒಂದು ಮಾತು ಕೇಳಬೇಕು. ಫ್ರೀನ್ಯಾಸ್‌ನಲ್ಲಿ ಪೂಲ್ ಮಾಡುವಾಗ ಎನ್‌ಕ್ರಿಪ್ಶನ್ ಹಾಕಿದ್ದರಾ? ಮಷೀನ್ ಆನ್ ಆದಾಗ ಪಾಸ್‌ಫ್ರೇಸ್ ಕೇಳುತ್ತಿದ್ದರೆ, ಅಥವಾ ಕೀ ಫೈಲ್ ಅಂತ ಏನನ್ನಾದರೂ ಡೌನ್‌ಲೋಡ್ ಮಾಡಿಟ್ಟಿದ್ದರೆ, ಅದನ್ನು ಮೊದಲು ಹುಡುಕಿ. ಕೀ ಇಲ್ಲದೆ ಮೇಲಿನ ಯಾವುದೂ ಕೆಲಸಕ್ಕೆ ಬರುವುದಿಲ್ಲ.

ಕೊನೆಯ 4 ಎಂಬಿಯಲ್ಲಿ ಹೆಸರೇ ಸಿಗದಿದ್ದರೆ ದಾರಿ ಉದ್ದ. ಆಗ ಇಡೀ ಇಮೇಜನ್ನು ಸ್ಕ್ಯಾನ್ ಮಾಡಿ ಝಡ್‌ಎಫ್‌ಎಸ್‌ನ ಹಳೇ ಮೆಟಾಡೇಟಾ ಬ್ಲಾಕುಗಳನ್ನು ಹೆಕ್ಕಿ ಜೋಡಿಸುವ ಸಾಫ್ಟ್‌ವೇರ್ ಬೇಕು. ಕ್ಲೆನೆಟ್ ಝಡ್‌ಎಫ್‌ಎಸ್ ರಿಕವರಿ, ಯುಎಫ್‌ಎಸ್ ಎಕ್ಸ್‌ಪ್ಲೋರರ್ ಈ ಕೆಲಸಕ್ಕೆ ಇರುವವು. ಇವು ಮೊದಲು ಸ್ಕ್ಯಾನ್ ಮಾಡಿ ಏನು ಸಿಕ್ಕಿದೆ ಅಂತ ತೋರಿಸುತ್ತವೆ, ಕಾಪಿ ಮಾಡಿಕೊಳ್ಳಲು ಹಣ ಕಟ್ಟಬೇಕು. ನಿಮ್ಮ ಫೈಲುಗಳ ಹೆಸರು ಕಣ್ಣಿಗೆ ಕಾಣುವವರೆಗೆ ಕಟ್ಟಬೇಡಿ. ಯಾರ ಕೈಗಾದರೂ ಕೆಲಸ ಕೊಡುವುದಾದರೂ ಇದೇ ಷರತ್ತು: ಇಮೇಜ್ ಮೇಲೆ ಮಾತ್ರ ಕೆಲಸ, ಫೈಲ್ ಪಟ್ಟಿ ತೋರಿಸಿದ ಮೇಲೆ ದುಡ್ಡು. ಡಿಸ್ಕ್ ಬಿಚ್ಚಿ ಪ್ಲ್ಯಾಟರ್ ತೆಗೆಯಬೇಕು ಅಂತ ಯಾರಾದರೂ ಹೇಳಿದರೆ ಡಿಸ್ಕ್ ವಾಪಸ್ ತನ್ನಿ. ನಿಮ್ಮ ಡಿಸ್ಕುಗಳು ದೈಹಿಕವಾಗಿ ಆರೋಗ್ಯವಾಗಿವೆ.

ಅಂಗಡಿಯವರು ಹೇಳಿದ ರಿಕವರಿ ಸಾಫ್ಟ್‌ವೇರ್ ಫೋಟೋರೆಕ್ ಥರದ್ದು ಇರಬೇಕು. ಅದು ಫೈಲ್ ಸಿಸ್ಟಮ್ ನೋಡುವುದಿಲ್ಲ, ಫೈಲಿನ ತಲೆಯ ಗುರುತು ಹಿಡಿದು ಮುಂದಿನ ಸಾಲು ಎಳೆಯುತ್ತದೆ. ಇದಕ್ಕೂ ಝಡ್‌ಎಫ್‌ಎಸ್‌ಗೂ ಅಷ್ಟಾಗಿ ಹೊಂದುವುದಿಲ್ಲ. ಝಡ್‌ಎಫ್‌ಎಸ್ ದೊಡ್ಡ ಫೈಲನ್ನು 128 ಕೆಬಿಯ ತುಂಡು ಮಾಡಿ ಬರೆಯುತ್ತದೆ. ಫ್ರೀನ್ಯಾಸ್‌ನಲ್ಲಿ ಎಲ್‌ಝಡ್4 ಕಂಪ್ರೆಶನ್ ಸಾಮಾನ್ಯವಾಗಿ ಆನ್ ಇರುತ್ತದೆ, ಎಂಟನೇ ಒಂದು ಪಾಲಾದರೂ ಉಳಿತಾಯವಾದರೆ ಮಾತ್ರ ಆ ತುಂಡು ಒತ್ತಿದ ರೂಪದಲ್ಲಿ ಹೋಗುತ್ತದೆ. ನಿಮ್ಮ ಪ್ರೆಸ್ಸಿಗೆ ಇದರ ಅರ್ಥ ಏನು ಗೊತ್ತಾ? ಜೆಪೆಗ್ ಫೋಟೋಗಳು, ಹೆಚ್ಚಿನ ಪಿಡಿಎಫ್‌ಗಳು, ಎಕ್ಸ್4 ನಂತರದ ಕೋರಲ್‌ಡ್ರಾ ಫೈಲುಗಳು ಮೊದಲೇ ಒತ್ತಿರುವಂಥವು, ಹಾಗಾಗಿ ಡಿಸ್ಕಿನಲ್ಲಿ ಇದ್ದ ಹಾಗೇ ಬಿದ್ದಿರುತ್ತವೆ. ತುಂಡುಗಳು ಅಕ್ಕಪಕ್ಕ ಇದ್ದರೆ ಫೋಟೋರೆಕ್‌ಗೂ ಸಿಗುತ್ತವೆ. ಪೇಜ್‌ಮೇಕರ್ ಫೈಲುಗಳು, ಕಂಪ್ರೆಸ್ ಮಾಡದ ಟಿಫ್‌ಗಳು ಚೆನ್ನಾಗಿ ಒತ್ತಿಕೊಳ್ಳುವಂಥವು, ಅವು ಈ ದಾರಿಯಲ್ಲಿ ಬರುವುದಿಲ್ಲ. ನಿಮ್ಮ ಹಳೇ ಸ್ಮರಣ ಸಂಚಿಕೆಗಳೆಲ್ಲ ಪೇಜ್‌ಮೇಕರ್‌ನಲ್ಲೇ ಇರಬೇಕು. ಅದಕ್ಕೇ ಈ ದಾರಿಯನ್ನು ಕೊನೆಗೆ ಇಡಿ ಅಂತ ಹೇಳುತ್ತಿರುವುದು.

ಹಾಗೆ ತೆಗೆದ ಫೈಲುಗಳಿಗೆ ಹೆಸರೂ ಇರುವುದಿಲ್ಲ, ಸುಮ್ನೆ ನಂಬರ್ ಇರುತ್ತದೆ. ಸಾವಿರಾರು ಪಿಡಿಎಫ್ ಬಿದ್ದರೆ ಯಾವುದು ಯಾರ ಕೆಲಸ ಅಂತ ಹುಡುಕಬೇಕು. ಹಳೇ ನುಡಿ ಫಾಂಟಿನಲ್ಲಿ ಹೊಡೆದದ್ದು ಯೂನಿಕೋಡ್ ಅಲ್ಲ, ಹಾಗಾಗಿ ಹುಡುಕುವ ಜಾಗದಲ್ಲಿ ಕನ್ನಡದಲ್ಲಿ ಹೆಸರು ಹಾಕಿದರೆ ಏನೂ ಸಿಗುವುದಿಲ್ಲ. ಗಿರಾಕಿಯ ಮೊಬೈಲ್ ನಂಬರ್ ಹಾಕಿ ಹುಡುಕಿ. ಲಗ್ನಪತ್ರಿಕೆ, ಬಿಲ್ ಬುಕ್, ಕರಪತ್ರ ಎಲ್ಲದರಲ್ಲೂ ನಂಬರ್ ಇದ್ದೇ ಇರುತ್ತದೆ, ಇಂಗ್ಲಿಷ್ ಅಂಕಿಯಲ್ಲಿದ್ದರೆ ಸಾಮಾನ್ಯವಾಗಿ ಸಿಗುತ್ತದೆ.

ಶ್ರಾವಣದ ಕೆಲಸಕ್ಕೆ ಇಷ್ಟೆಲ್ಲ ಮುಗಿಯುವವರೆಗೆ ಕಾಯಬೇಕಿಲ್ಲ. ನೀವು ಪ್ಲೇಟ್ ಹೊಡೆಸುವ ಸಿಟಿಪಿಯವರಿಗೆ ಇವತ್ತೇ ಫೋನ್ ಮಾಡಿ. ನೀವು ಕಳಿಸಿದ ಪಿಡಿಎಫ್‌ಗಳು ಅವರ ಮಷೀನಿನಲ್ಲಿ ಇನ್ನೂ ಇರಬಹುದು, ಅಳಿಸುವ ಮೊದಲು ಕೇಳಿಕೊಳ್ಳಬೇಕು. ಗಿರಾಕಿಗಳಿಗೆ ಪ್ರೂಫ್ ಕಳಿಸಿದ ವಾಟ್ಸಾಪ್, ಇಮೇಲಿನ ಸೆಂಟ್ ಫೋಲ್ಡರ್ ನೋಡಿ. ಡಿಟಿಪಿ ಮಾಡುವವರ ಕಂಪ್ಯೂಟರಿನ ಡೆಸ್ಕ್‌ಟಾಪ್, ಡೌನ್‌ಲೋಡ್ಸ್, ಪೆನ್‌ಡ್ರೈವ್ ಯಾವುದನ್ನೂ ಬಿಡಬೇಡಿ. ನಡೆಯುತ್ತಿರುವ ಕೆಲಸಗಳಲ್ಲಿ ಅರ್ಧ ಅಲ್ಲೇ ಸಿಕ್ಕರೂ ಆಶ್ಚರ್ಯವಿಲ್ಲ.

ಎಲ್ಲ ವಾಪಸ್ ಬಂದ ಮೇಲೆ ಹೊಸ ಪೂಲ್ ಮಾಡುವಾಗ ಡಿಸ್ಕುಗಳನ್ನು ಎಸ್‌ಡಿಬಿ, ಎಸ್‌ಡಿಸಿ ಎಂಬ ಹೆಸರಿನಿಂದ ಕೊಡಬೇಡಿ. ಆ ಅಕ್ಷರಗಳು ಡಿಸ್ಕಿನವಲ್ಲ, ಮಷೀನ್ ಆನ್ ಆದಾಗ ಯಾವುದು ಮೊದಲು ಸಿಕ್ಕಿತೋ ಆ ಕ್ರಮ. ಹೊಸ ಡಿಸ್ಕ್ ಸೇರಿದರೆ ಬದಲಾಗುತ್ತವೆ, ನಿಮ್ಮಲ್ಲಿ ಆದದ್ದು ಅದೇ ಇರಬೇಕು. ‘ಬೈ-ಐಡಿ’ ಫೋಲ್ಡರಿನಲ್ಲಿ ಕಂಪನಿ, ಮಾಡೆಲ್, ಸೀರಿಯಲ್ ಸೇರಿದ ಉದ್ದ ಹೆಸರಿರುತ್ತದೆ, ಅದನ್ನೇ ಬಳಸಿ. ಮೈನಸ್ ಎಫ್ ಕೇಳಿದರೆ ನಿಲ್ಲಿಸಿ ಸಂದೇಶ ಓದಿ. ಸ್ನ್ಯಾಪ್‌ಶಾಟ್, ಮಿರರ್, ಚೆಕ್‌ಪಾಯಿಂಟ್ ಎಲ್ಲವೂ ಪೂಲಿನೊಳಗೇ ಇರುವಂಥವು, ಪೂಲೇ ಹೋದಾಗ ಅವೂ ಹೋಗುತ್ತವೆ. ಬ್ಯಾಕಪ್ ಡಿಸ್ಕ್ ಕಾಪಿ ಆಗುವಾಗ ಮಾತ್ರ ಮಷೀನಿಗೆ ಸಿಕ್ಕಿರಬೇಕು, ಉಳಿದ ಹೊತ್ತು ಮನೆಯಲ್ಲಿರಲಿ. ಎಸ್‌ಎಸ್‌ಡಿಯಲ್ಲಿ ಪೂಲ್ ಮಾಡುವ ಯೋಚನೆ ಇದ್ದರೆ ಇನ್ನೂ ಹುಷಾರು. ಲಿನಕ್ಸ್‌ನಲ್ಲಿ ಎಸ್‌ಎಸ್‌ಡಿಗೆ ತಪ್ಪಿ ಎಕ್ಸ್‌ಟಿ4 ಹಾಕಿದರೆ ಸಾಮಾನ್ಯವಾಗಿ ಇಡೀ ಡಿಸ್ಕಿಗೆ ಟ್ರಿಮ್ (ಈ ಜಾಗವೆಲ್ಲ ಖಾಲಿ ಎಂಬ ಸೂಚನೆ) ಹೋಗುತ್ತದೆ, ಆಮೇಲೆ ಹುಡುಕಲು ಏನೂ ಉಳಿದಿರುವುದಿಲ್ಲ.

ನನಗೆ ಮೂರು ವಿಷಯ ಬರೆದು ಕಳಿಸಿ: ನಾಲ್ಕೂ ಡಿಸ್ಕಿನ ಸೀರಿಯಲ್ ನಂಬರಿನಲ್ಲಿ ‘ಬ್ಯಾಕಪ್’ಗೆ ಹೋದವು ಯಾವುವು, ಹಿಸ್ಟರಿಯಲ್ಲಿ ಸಿಕ್ಕಿದ ಕ್ರಿಯೇಟ್ ಕಮಾಂಡ್, ಇಮೇಜಿನ ಕೊನೆಯ 4 ಎಂಬಿಯಲ್ಲಿ ‘ಪ್ರೆಸ್’ ಸಿಕ್ಕಿತಾ ಇಲ್ಲವಾ. ಸಿಕ್ಕಿದ್ದರೆ ಝಡ್‌ಡಿಬಿಯ ಔಟ್‌ಪುಟ್ ಪೂರ್ತಿ ಇರಲಿ, ಆಫ್‌ಸೆಟ್ ಲೆಕ್ಕವನ್ನು ನಾನೇ ಒಮ್ಮೆ ತಾಳೆ ನೋಡಿ ಹೇಳುತ್ತೇನೆ. ಅಲ್ಲಿಯವರೆಗೆ ಇಂಪೋರ್ಟ್ ಕೊಡಬೇಡಿ.